ವಿಯೋಲಾಳ ಮಗನಿಗೊಂದು ಮನೆ

ವಿಯೋಲಾ ಸುಂಡೆಲ್ ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಬಸ್ಸಿನಲ್ಲಿ, ಚರ್ಚಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಒಮ್ಮೆ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬುಟ್ಟಿಯ ಪಕ್ಕ ಸ್ಟೂಲಿನ ಮೇಲೆ ಕೂತವಳು ಕೈಯಲ್ಲಿ ಚಾಕು ಹಿಡಿದುಕೊಂಡೇ ನಿದ್ದೆಗೆ ಜಾರಿದ್ದಳು. ನಾನು ಮೆಲ್ಲಗೆ ಚಾಕು ಬಿಡಿಸಿಕೊಂಡು ಉಳಿದ ಆಲೂಗಡ್ಡೆ ಹೆರೆದೆ. ಆ ಅಡುಗೆಮನೆಯಲ್ಲಿ ನಾವಿಬ್ಬರೂ ಅರ್ಧ ಆಯುಷ್ಯ ಜೊತೆಯಾಗಿ ದುಡಿದವರು. ಮನೆಗಳೂ ಅಕ್ಕಪಕ್ಕ. ಅವಳ ನಿದ್ದೆಗೆ ಕಾರಣ ಏನೆಂದು ನನಗೆ ಗೊತ್ತಿತ್ತು. ಬೀದಿಯವರಿಗೂ ಗೊತ್ತಿತ್ತು. ಗೊತ್ತಿದ್ದೂ ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ.

ಕಾರಣ ಅವಳ ಮಗ ಹೋಕನ್. ಊರೆಲ್ಲ ಮಲಗಿರುವಾಗಲೇ ಅವನಿಗೆ ಬೆಳಗಾಗಿಬಿಡುತ್ತಿತ್ತು. ಚಿಕ್ಕವನಿದ್ದಾಗಿನಿಂದಲೂ ಹಾಗೇ. ಎದ್ದವನು ದೀಪ ಹಾಕಿ, ಅಮ್ಮನ ಹೊದಿಕೆ ಎಳೆದು, ತಿಂಡಿ ಕೊಡುವವರೆಗೂ ಬಿಡುತ್ತಿರಲಿಲ್ಲ. ಒಬ್ಬನನ್ನೇ ಬಿಟ್ಟರೆ ಒಲೆ ಹಚ್ಚುತ್ತಾನೆ, ಇಲ್ಲವೇ ಬರಿಗಾಲಲ್ಲಿ ಹಿಮಕ್ಕೆ ಇಳಿಯುತ್ತಾನೆ. ಹಾಗಾಗಿ ಅವನು ಎದ್ದರೆ ಅವಳೂ ಎದ್ದಳು ಅಂತಲೇ ಲೆಕ್ಕ. ಹುಟ್ಟುವಾಗಲೇ ಮಗುವಿಗೆ ಬುದ್ಧಿ ಬೆಳೆಯುವುದಿಲ್ಲ ಎಂದು ಹೇಳಿದ್ದರು. ಅರವತ್ತರ ದಶಕದ ಮಾತು ಅದು. ಆಗಿನ ಡಾಕ್ಟರು ಸಲಹೆ ಕೊಟ್ಟದ್ದೂ ಆಗಿನ ಕಾಲದ್ದೇ: "ಇವನನ್ನ ಆಶ್ರಮಕ್ಕೆ ಬಿಟ್ಟುಬಿಡಮ್ಮ, ಮರೆತು ಇನ್ನೊಂದು ಮಗು ಮಾಡ್ಕೋ."

ಅವಳು ಬಿಟ್ಟೂ ಬಂದಳು. ಹೋಕನ್‌ಗೆ ಆಗ ಮೂರು ವರ್ಷ. ಕಾಡಿನ ಮಧ್ಯೆ ಇದ್ದ ದೊಡ್ಡ ಹಳದಿ ಕಟ್ಟಡ, ಉದ್ದುದ್ದ ಕೋಣೆಗಳು, ಸಾಲಾಗಿ ಮಂಚಗಳು. ಚಳಿಗಾಲ ಕಳೆದು ನೋಡಲು ಹೋದಾಗ ಮಗು ಅವಳನ್ನು ಗುರುತಿಸಿತಂತೆ, ಆದರೆ ಕೈ ಚಾಚಲಿಲ್ಲವಂತೆ. "ಏನೂ ಕೇಳಲಿಲ್ಲ ಕಣೇ ಇರ್ಮಾ," ಎಂದು ವಿಯೋಲಾ ಒಮ್ಮೆ ಹೇಳಿದ್ದಳು. "ನೀರೂ ಕೇಳಲಿಲ್ಲ. ಕೇಳೋದನ್ನೇ ಮರೆತುಬಿಟ್ಟಿದ್ದ." ಅವತ್ತೇ ಕೋಟು ಸುತ್ತಿ ಬಸ್ಸಿಗೆ ಹತ್ತಿಸಿಕೊಂಡು ಮನೆಗೆ ಕರೆತಂದಳು. ಗಂಡ ಕೆಲವು ವರ್ಷ ಜೊತೆಗಿದ್ದ, ಆಮೇಲೆ ಕರಾವಳಿಯ ಕಡೆ ಬೇರೆ ಸಂಸಾರ ಮಾಡಿಕೊಂಡ. ವಿಯೋಲಾ ಅವನನ್ನು ಬೈದದ್ದನ್ನು ನಾನು ಕೇಳಿಲ್ಲ. ಬೈಯುವುದಕ್ಕೂ ಪುರುಸೊತ್ತು ಬೇಕಲ್ಲ.

ಹೋಕನ್ ಬೆಳೆದು ಆಜಾನುಬಾಹುವಾದ. ಬಿಳಿ ಹುಬ್ಬು, ದಪ್ಪ ಕೈ, ಮೆದು ದನಿ. ಮಾತು ಕಡಿಮೆ. ಒಂದು ವಾಕ್ಯ ಮಾತ್ರ ಅವನಿಗೆ ಪೂರ್ತಿ ಬರುತ್ತಿತ್ತು: "ನಿಮ್ಮನೇಲಿ ಇವತ್ತೇನು ಊಟ?" ಅವನಂಥವರಿಗೆಂದೇ ಇರುವ ಹಗಲು ಕೇಂದ್ರದಲ್ಲಿ ಸೌದೆ ಕಟ್ಟುವ ಕೆಲಸ ಮುಗಿಸಿ ಬಂದು ಬೇಲಿಯ ಹತ್ತಿರ ನಿಂತು, ಹೋಗಿಬರುವವರನ್ನೆಲ್ಲ ಅದನ್ನೇ ಕೇಳುತ್ತಿದ್ದ. ಅಂಚೆಯವನನ್ನು, ಮಕ್ಕಳನ್ನು, ನಾಯಿ ತಿರುಗಿಸುವವರನ್ನು. "ಬಟಾಣಿ ಸೂಪು" ಎಂದರೆ ಖುಷಿ. "ಇನ್ನೂ ಯೋಚನೆ ಮಾಡಿಲ್ಲಪ್ಪ" ಎಂದರೆ ಮುಖ ಬಾಡುತ್ತಿತ್ತು. ಸ್ವೀಡನ್ನಿನ ಈ ಊರಿನಲ್ಲಿ ನಮ್ಮ ಬಡಾವಣೆ ಲಿಂಡ್‌ಬಾಕ ಗುಡ್ಡದ ಇಳಿಜಾರಿನಲ್ಲಿದೆ. ಮರದ ಮನೆಗಳು, ಸೇಬಿನ ಗಿಡಗಳು, ಒಪ್ಪವಾಗಿ ಕತ್ತರಿಸಿದ ಗಿಡದ ಬೇಲಿಗಳು. ಇಲ್ಲಿಯವರು ಸಾಮಾನ್ಯವಾಗಿ ಒಬ್ಬರ ಅಡುಗೆ ಒಬ್ಬರು ಕೇಳುವವರಲ್ಲ. ಹೋಕನ್ ಕೇಳುತ್ತಿದ್ದ, ಅವನಿಗೆ ಮಾಫಿ ಇತ್ತು.

ವಿಯೋಲಾಗೆ ಎಪ್ಪತ್ತಾಗುವ ಹೊತ್ತಿಗೆ ಪುರಸಭೆಯವರು ಒಂದು ಸುದ್ದಿ ಹೇಳಿದರು. ನಮ್ಮ ಬೀದಿಯ ಕೊನೆಯಲ್ಲಿ, ಹಳೇ ಶಿಶುವಿಹಾರ ಕೆಡವಿದ ಜಾಗದಲ್ಲಿ, ಒಂದು ಗುಂಪುಮನೆ ಕಟ್ಟುತ್ತಾರಂತೆ. ಹೋಕನ್ ಥರದವರು ಐದಾರು ಜನ, ಒಬ್ಬೊಬ್ಬರಿಗೂ ಅವರವರ ಕೋಣೆ, ಅವರವರ ಬಾಗಿಲು. ನಡುವೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ನೋಡಿಕೊಳ್ಳುವವರು ಹಗಲೂ ರಾತ್ರಿ ಇರುತ್ತಾರೆ. ಅದರಲ್ಲಿ ಹೋಕನ್‌ಗೊಂದು ಜಾಗ ಖಾತ್ರಿ.

ಅದನ್ನು ಹೇಳಲು ಅವಳು ನಮ್ಮ ಹಿಂಬಾಗಿಲಿನಿಂದ ಬಂದಳು. ಚಪ್ಪಲಿ ಒಂದೊಂದು ಕಾಲಿಗೆ ಒಂದೊಂದು ಥರದ್ದು.

"ನಮ್ಮ ಮನೆಯಿಂದ ಕಾಣುತ್ತೆ ಕಣೇ," ಎಂದಳು. "ಅವನ ಕಿಟಕೀಲಿ ದೀಪ ಹತ್ತಿದ್ರೆ ನನಗೆ ಕಾಣುತ್ತೆ. ಆದ್ರೆ ನಾನು ಏಳಬೇಕಾಗಿಲ್ಲ."

"ಇನ್ನೇನು ಮತ್ತೆ, ಇನ್ಮೇಲೆ ಆರಾಮಾಗಿ ಇರು," ಎಂದೆ.

"ಈಗ ಸತ್ರೂ ಪರವಾಗಿಲ್ಲ. ಆದ್ರೆ ಮೊದಲು ಒಂದು ವಾರ ನಿದ್ದೆ ಮಾಡ್ತೀನಿ, ಆಮೇಲೆ ಬೇಕಾದ್ರೆ ಸಾಯ್ತೀನಿ."

ಕಾಫಿ ಸುರಿದು ತಿರುಗುವಷ್ಟರಲ್ಲಿ ಮೇಜಿಗೆ ತಲೆ ಇಟ್ಟಿದ್ದಳು.

ಆ ಶರತ್ಕಾಲದಲ್ಲಿ ಬಡಾವಣೆ ಸಂಘದವರು ಸಭೆ ಕರೆದರು. ಸಂಘದ ಅಧ್ಯಕ್ಷ ರಾಗ್ನರ್ ಎಕ್ಮನ್, ನಮ್ಮ ಎದುರು ಮನೆಯವನು. ನಿವೃತ್ತ ಸರ್ವೇಯರ್. ಅವನ ವಿಷಯ ಸರಿಯಾಗಿ ಹೇಳಬೇಕು, ಯಾಕೆಂದರೆ ಅವನು ದುಷ್ಟನಲ್ಲ. ವಿಯೋಲಾಳ ಗಂಡ ಬಿಟ್ಟುಹೋದ ಚಳಿಗಾಲದಿಂದ ಅವಳ ಅಂಗಳದ ಹಿಮವನ್ನು ಅವನೇ ಯಂತ್ರದಿಂದ ತೆಗೆಯುತ್ತಿದ್ದ. ಅವಳು ಕೇಳಿದಳೆಂದು ಮಾಡಿದ್ದಲ್ಲ. ಅವಳು ಏಳುವುದೇ ನಸುಕಿಗಿಂತ ಮೊದಲಲ್ಲವೇ, ಅವಳು ಸಲಿಕೆ ಹಿಡಿಯುವುದರೊಳಗೆ ಅವನು ಬಂದಿರುತ್ತಿದ್ದ.

ಸಭಾಮನೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ನಡುಬೇಸಿಗೆಯ ಮಿಡ್‌ಸಮ್ಮರ್ ಹಬ್ಬಕ್ಕೂ ಅಷ್ಟು ಜನ ಸೇರಿದ್ದನ್ನು ನಾನು ಕಂಡಿರಲಿಲ್ಲ. ಪುರಸಭೆಯಿಂದ ಒಬ್ಬಳು ಚಿಕ್ಕ ವಯಸ್ಸಿನ ಅಧಿಕಾರಿಣಿ ಬಂದು ನಕ್ಷೆ ತೋರಿಸಿ ಹೋದಳು. ಆಮೇಲೆ ಮಾತು ಶುರುವಾಯಿತು.

"ನಾವ್ಯಾರೂ ಅಂಥವರ ವಿರೋಧಿಗಳಲ್ಲ," ಎಂದು ರಾಗ್ನರ್ ಆರಂಭಿಸಿದ. "ಅವರಿಗೂ ಮನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಏನಂದ್ರೆ, ಇದೇ ಜಾಗ ಯಾಕೆ?"

ಒಬ್ಬ ರಸ್ತೆ ಕಿರಿದು ಎಂದ. ಒಬ್ಬ ಚರಂಡಿ ಕೊಳವೆ ಹಳತು ಎಂದ. ಮಕ್ಕಳು ಹಿಮಗಾಡಿ ಜಾರಿಸುವ ಇಳಿಜಾರು ಹೋಗುತ್ತದೆ ಎಂದಳು ಒಬ್ಬಳು. ನೋಡಿಕೊಳ್ಳುವವರ ಕಾರುಗಳು ಎಲ್ಲಿ ನಿಲ್ಲುತ್ತವೆ, ರಾತ್ರಿಯೆಲ್ಲ ದೀಪ ಉರಿಯುತ್ತದಲ್ಲ, ನಾಳೆ ಮನೆ ಮಾರಲು ಹೊರಟರೆ ಕೊಳ್ಳುವವರು ಏನನ್ನುತ್ತಾರೆ. ಸಾನ್ನಾ ಅಂತ ಒಬ್ಬ ಎಳೆ ತಾಯಿ, ಹೊಸದಾಗಿ ಬಂದವಳು, ಮಗುವನ್ನು ಎದೆಗೆ ಕಟ್ಟಿಕೊಂಡೇ ಎದ್ದು ನಿಂತಳು. "ಯಾರು ಬರ್ತಾರೆ ಅಂತ ನಮಗೆ ಹೇಳಲ್ಲವಂತೆ, ಅದು ಅವರ ಖಾಸಗಿ ವಿಷಯ ಅಂತೆ. ನನ್ನ ಮಕ್ಕಳು ಅದೇ ದಾರೀಲಿ ಶಾಲೆಗೆ ಹೋಗೋದು. ತಪ್ಪು ತಿಳ್ಕೋಬೇಡಿ, ನನಗೆ ಭಯ ಆಗುತ್ತೆ ಅಷ್ಟೇ."

"ಹೋಕನ್ ಥರದವರಾದ್ರೆ ಏನೂ ತೊಂದರೆ ಇಲ್ಲಮ್ಮ," ಎಂದಳು ರಾಗ್ನರನ ಹೆಂಡತಿ ಮಾರ್ಗಿಟ್. "ಹೋಕನ್ ನಮ್ಮವನು. ಆದ್ರೆ ಎಲ್ಲರೂ ಹೋಕನ್ ಥರ ಇರಲ್ವಲ್ಲ."

ಆಗ ವಿಯೋಲಾ ಎದ್ದಳು. ಕುರ್ಚಿಯ ಬೆನ್ನು ಹಿಡಿದುಕೊಂಡು ಎದ್ದಳು, ಏಳುವುದೇ ಒಂದು ಕೆಲಸ ಎಂಬಂತೆ.

"ಹೋಕನ್‌ಗೇ ಆ ಮನೆ," ಎಂದಳು. "ಅಲ್ಲಿ ಅವನಿಗೆ ಜಾಗ ಕೊಟ್ಟಿದಾರೆ."

ರಾಗ್ನರ್ ಕನ್ನಡಕ ತೆಗೆದು ಒರೆಸಿದ. "ವಿಯೋಲಾ, ನಿನಗೇ ಗೊತ್ತಲ್ಲ, ಇದು ಹೋಕನ್ ವಿಷಯ ಅಲ್ಲ."

"ಮತ್ತೆ ಯಾರ ವಿಷಯ?"

ಅವಳು ಜಗಳಕ್ಕೆ ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಉತ್ತರಕ್ಕಾಗಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಅಷ್ಟರಲ್ಲಿ ಯಾರೋ ಕಾಫಿ ಆಗಿದೆ ಎಂದರು. ಜನ ಕಪ್ಪುಗಳ ಕಡೆ ಸರಿದರು. ದಾಲ್ಚಿನ್ನಿ ಬನ್ನು ಅವತ್ತು ಮಾರ್ಗಿಟ್ ಮಾಡಿ ತಂದದ್ದು. ವಿಯೋಲಾಗೆ ಎರಡು ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು, ಒಂದು ಹೋಕನ್‌ಗೆ.

ಸಂಘದವರು ಕೋರ್ಟಿಗೆ ಹೋದರು. ಕಟ್ಟಡದ ಪರವಾನಗಿ ರದ್ದಾಗಬೇಕು ಎಂದು ಅರ್ಜಿ. ಬೀದಿಯ ಬಹುಪಾಲು ಜನ ಸಹಿ ಹಾಕಿದ್ದರು. ಒಂದು ಕೋರ್ಟು ವಜಾ ಮಾಡಿತು. ಅದರ ಮೇಲೆ ಇನ್ನೊಂದು ಕೋರ್ಟಿತ್ತು. ಅಲ್ಲಿ ಚಾವಣಿಯ ಎತ್ತರದ ವಿಷಯದಲ್ಲಿ ಏನೋ ತಪ್ಪು ಸಿಕ್ಕಿ, ನಕ್ಷೆ ಮತ್ತೆ ಮೊದಲಿನಿಂದ ಆಗಬೇಕಾಯಿತು. ಹೊಸ ನಕ್ಷೆ ಬಂತು, ಹೊಸ ಅರ್ಜಿಯೂ ಬಂತು. ಶಿಶುವಿಹಾರದ ಜಾಗದಲ್ಲಿ ಬರ್ಚ್ ಸಸಿಗಳು ಮೊಣಕಾಲೆತ್ತರ ಬಂದವು, ಆಮೇಲೆ ಸೊಂಟದೆತ್ತರ ಬಂದವು.

ನನಗೆ ಸಿಟ್ಟು ತಡೆಯುತ್ತಿರಲಿಲ್ಲ. ನಾನು ಹುಟ್ಟಿದ್ದು ಫಿನ್ಲೆಂಡಿನಲ್ಲಿ. ಕೆಲಸ ಹುಡುಕಿಕೊಂಡು ಸಮುದ್ರ ದಾಟಿ ಸ್ವೀಡನ್ನಿಗೆ ಬಂದಾಗ ಇನ್ನೂ ಹುಡುಗಿ. ಅಂಗಡಿಯಲ್ಲಿ ಮಾರ್ಗಿಟ್ ಸಿಕ್ಕಾಗ ಹೇಳಿಯೇಬಿಟ್ಟೆ.

"ನಾವು ಈ ಬೀದೀಲಿ ಮನೆ ತಗೊಂಡಾಗಲೂ ನೀವು ಹೀಗೇ ಗುಸುಗುಸು ಮಾಡಿದ್ರಿ. ಫಿನ್ನರು ಬಂದ್ರು, ಕುಡಿದು ಚಾಕು ತೆಗೀತಾರೆ ಅಂತ. ತೆಗೆದ್ವಾ?"

"ಇನ್ನೂ ಇಲ್ಲ," ಎಂದಳು ಮಾರ್ಗಿಟ್. "ಆದ್ರೆ ಇವತ್ತು ನಿನ್ನ ಮುಖ ನೋಡಿದ್ರೆ ಅನುಮಾನ ಬರುತ್ತೆ."

ನನಗೂ ನಗು ಬಂತು, ಅದೇ ಕಷ್ಟ. ಮೂವತ್ತು ವರ್ಷ ಒಂದೇ ಬೀದಿಯಲ್ಲಿ ಬದುಕಿದವರನ್ನು ದ್ವೇಷ ಮಾಡುವುದು ಸುಲಭವಲ್ಲ. ವಿಯೋಲಾ ಅಂತೂ ಪ್ರಯತ್ನವನ್ನೂ ಮಾಡಲಿಲ್ಲ. ಚಳಿಗಾಲ ಬಂದರೆ ರಾಗ್ನರ್ ಎಂದಿನಂತೆ ಅವಳ ಅಂಗಳಕ್ಕೆ ಯಂತ್ರ ತರುತ್ತಿದ್ದ. ಅವಳು ಎಂದಿನಂತೆ ಕಾಫಿ ಕೊಡುತ್ತಿದ್ದಳು. ಒಂದು ಬೆಳಿಗ್ಗೆ ನಾನೂ ಅಲ್ಲೇ ಇದ್ದೆ.

"ಹಿಮ ತೆಗೀತೀಯ, ಕೋರ್ಟಿಗೂ ಹೋಗ್ತೀಯ," ಎಂದಳು ವಿಯೋಲಾ.

ರಾಗ್ನರ್ ಕಪ್ಪನ್ನು ಕೈಯಲ್ಲಿ ತಿರುಗಿಸಿದ. "ಅದು ಬೇರೆ, ಇದು ಬೇರೆ."

"ನನಗೆ ಎರಡೂ ಒಂದೇ ಮನೆಗೆ ಬರುತ್ತೆ ಕಣೋ."

"ನಿನಗೆ ನನ್ನ ಮೇಲೆ ಕೋಪ ಇದ್ರೆ ಹೇಳಿಬಿಡು."

"ಕೋಪ ಮಾಡ್ಕೊಳ್ಳೋಕೆ ಮೈಲಿ ಏನಾದ್ರೂ ಉಳಿದಿರಬೇಕಲ್ಲ," ಎಂದಳು. "ಕಾಫಿ ಆರಿಹೋಗುತ್ತೆ, ಕುಡಿ."

ಹೋಕನ್‌ಗೆ ಈ ಯಾವುದೂ ಗೊತ್ತಿರಲಿಲ್ಲ. ಮೊದಲ ವರ್ಷ ವಿಯೋಲಾ ಅವನನ್ನು ಖಾಲಿ ಜಾಗದವರೆಗೂ ನಡೆಸಿಕೊಂಡು ಹೋಗಿ, ಇಲ್ಲೇ ನಿನ್ನ ಕೋಣೆ, ಇಲ್ಲೇ ನಿನ್ನ ಮಂಚ ಎಂದು ತೋರಿಸುತ್ತಿದ್ದಳು. ಅವನು ಹುಲ್ಲಿನ ಮೇಲೆ ಮಲಗಿ ನೋಡುತ್ತಿದ್ದ. ಆಮೇಲಾಮೇಲೆ ಅವಳು ಆ ಕಡೆ ಹೋಗುವುದನ್ನೇ ಬಿಟ್ಟಳು.

ಮೂರನೆಯ ವರ್ಷದ ಮಾರ್ಚಿನಲ್ಲಿ ನಾನು ತಂಗಿಯನ್ನು ನೋಡಲು ಫಿನ್ಲೆಂಡಿಗೆ ಹೋಗಿದ್ದೆ. ಅಲ್ಲಿದ್ದಾಗಲೇ ಆದದ್ದು. ಆಮೇಲೆ ರಾಗ್ನರ್ ನನಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ.

ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ತೆರೆದರೆ ಹೋಕನ್, ಮನೆಯೊಳಗೆ ಹಾಕುವ ಕಾಲುಚೀಲದಲ್ಲೇ ಹಿಮ ತುಳಿದು ಬಂದಿದ್ದ. "ನಿಮ್ಮನೇಲಿ ಇವತ್ತೇನು ಊಟ?" ಎಂದ. "ಮೀನು," ಎಂದು ರಾಗ್ನರ್ ಹೇಳಿ, "ಮನೆಗೆ ಹೋಗಪ್ಪ, ಕಾಲು ತಣ್ಣಗಾಗುತ್ತೆ," ಎಂದು ಬಾಗಿಲು ಹಾಕಿದ. ಸ್ವಲ್ಪ ಹೊತ್ತಿಗೆ ಮತ್ತೆ ಸದ್ದು. ಮತ್ತೆ ಅದೇ ಪ್ರಶ್ನೆ, ಈ ಸಲ ದನಿ ಜೋರು. "ಆಗಲೇ ಹೇಳಿದ್ನಲ್ಲ, ಮೀನು," ಎಂದ ರಾಗ್ನರ್. ಬಾಗಿಲು ಹಾಕಲು ಹೋದರೆ ಹೋಕನ್ ಬಾಗಿಲಿನ ಸಂದಿಗೆ ಕೈ ಇಟ್ಟ. ಅವನು ಯಾವತ್ತೂ ಯಾರ ಮೈಮೇಲೂ, ಯಾರ ಬಾಗಿಲ ಮೇಲೂ ಕೈ ಹಾಕಿದವನಲ್ಲ. ರಾಗ್ನರ್‌ಗೆ ಒಂದು ಕ್ಷಣ ಭಯವಾಯಿತಂತೆ. ಅದನ್ನು ಅವನೇ ಹೇಳಿದ. ಹೋಕನ್ ಬಾಯಿ ತೆರೆದು, ಮುಚ್ಚಿ, ಬೇರೆ ಮಾತು ಹುಡುಕಿ ಸಿಗದೆ ಮತ್ತೆ ಅದನ್ನೇ ಕೇಳಿದ. ಕಣ್ಣಲ್ಲಿ ನೀರಿತ್ತು. ಆಗ ರಾಗ್ನರ್ ಬೂಟು ಹಾಕಿಕೊಂಡ.

ವಿಯೋಲಾ ನೆಲಮಾಳಿಗೆಯ ಮೆಟ್ಟಿಲ ಕೆಳಗೆ ಬಿದ್ದಿದ್ದಳು. ಒಗೆದ ಬಟ್ಟೆ ಸುತ್ತಲೂ ಚೆಲ್ಲಿತ್ತು. ಸೊಂಟದ ಮೂಳೆ ಮುರಿದಿತ್ತು. ಹೋಕನ್ ಮನೆಯಲ್ಲಿದ್ದ ಹೊದಿಕೆಗಳನ್ನೆಲ್ಲ ತಂದು ಅವಳ ಮೇಲೆ ಪೇರಿಸಿದ್ದ, ಕಿಟಕಿಯ ಪರದೆಗಳನ್ನೂ ಎಳೆದು ತಂದು ಹಾಕಿದ್ದ. ಅವಳಿಗೆ ಪ್ರಜ್ಞೆ ಇತ್ತು.

"ಬಂದ್ಯಾ," ಎಂದಳಂತೆ ರಾಗ್ನರನ್ನು ನೋಡಿ. "ಮೊದಲು ಅವನಿಗೆ ಏನಾದ್ರೂ ತಿನ್ನೋಕೆ ಕೊಡು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅವಳನ್ನು ಆಸ್ಪತ್ರೆಗೆ ಒಯ್ದರು. ಹೋಕನ್‌ನನ್ನು ಏನು ಮಾಡುವುದು? ಅವತ್ತು ಅವನು ಮಾರ್ಗಿಟ್‌ಳ ಅಡುಗೆಮನೆಯಲ್ಲಿ ಕೂತು ಮೀನು ತಿಂದ. ಸಂಜೆ ಪುರಸಭೆಯವರು ಬಂದರು. ಎಲ್ಲೂ ಜಾಗ ಇರಲಿಲ್ಲ. ಕೊನೆಗೆ ಸರೋವರದ ಆಚೆ, ಬಸ್ಸಿನಲ್ಲಿ ಅರ್ಧ ಹಗಲು ಬೇಕಾಗುವ ಬೇರೊಂದು ಊರಿನ ಗುಂಪುಮನೆಯಲ್ಲಿ ಒಂದು ಕೋಣೆ ಖಾಲಿ ಇದೆ ಎಂದರು. ಅವನ ಬಟ್ಟೆಯನ್ನು ಮಾರ್ಗಿಟ್ ಜೋಡಿಸಿ ಕೊಟ್ಟಳು. ಕಾರಿನಲ್ಲಿ ಕೂತಾಗಲೂ ಹೋಕನ್ ಮನೆಯ ಕಡೆ ಕತ್ತು ತಿರುಗಿಸಿಕೊಂಡೇ ಇದ್ದನಂತೆ. "ಅಳಲಿಲ್ಲ ಕಣೇ," ಎಂದಳು ಮಾರ್ಗಿಟ್ ನನಗೆ. "ಅತ್ತಿದ್ರೆ ಚೆನ್ನಾಗಿತ್ತು." ಹೇಳುತ್ತ ಅವಳೇ ಅತ್ತಳು.

ವಿಯೋಲಾ ಮನೆಗೆ ಬಂದದ್ದು ಸೇಬು ಹೂಬಿಡುವ ಕಾಲಕ್ಕೆ, ಗಾಲಿಯ ಊರುಗೋಲು ತಳ್ಳಿಕೊಂಡು. ಮನೆಯಲ್ಲಿ ಏಳಿಸುವವರು ಇರಲಿಲ್ಲ. ಆದರೂ ಅವಳಿಗೆ ಆ ಹೊತ್ತಿಗೇ ಎಚ್ಚರವಾಗುತ್ತಿತ್ತು. ಎದ್ದು ಅಡುಗೆಮನೆಯಲ್ಲಿ ಕೂರುತ್ತಿದ್ದಳು. ಅವಳ ದೀಪ ಕಂಡರೆ ಕೆಲವೊಮ್ಮೆ ನಾನೂ ಎದ್ದು ಹೋಗುತ್ತಿದ್ದೆ.

"ಇಷ್ಟು ದಿನ ನಿದ್ದೆಗೆ ಅಂತ ಸಾಯ್ತಿದ್ದೆ," ಎಂದಳು. "ಈಗ ಮಲಗೋಕೆ ಹೋದ್ರೆ, ಮರೆತೇಹೋಗಿದೆ."

ಭಾನುವಾರಗಳಂದು ನಾನು ಅವಳನ್ನು ಕಾರಿನಲ್ಲಿ ಸರೋವರ ಸುತ್ತಿ ಕರೆದೊಯ್ಯುತ್ತಿದ್ದೆ. ಮೊದಲ ತಿಂಗಳುಗಳು ನೋಡುವ ಹಾಗಿರಲಿಲ್ಲ. ಹೋಕನ್ ಇಳಿದುಹೋಗಿದ್ದ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೋಟು ತೊಟ್ಟೇ ಕೂತಿರುತ್ತಿದ್ದ. ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ವಿಯೋಲಾ ಅದನ್ನು ನೋಡಿ ಏನು ನೆನೆಸಿಕೊಂಡಳೆಂದು ನನಗೆ ಗೊತ್ತು, ಕಾಡಿನ ಆ ಹಳದಿ ಕಟ್ಟಡ. ವಾಪಸು ಬರುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚುತ್ತಿರಲಿಲ್ಲ.

"ಕರ್ಕೊಂಡು ಬಂದುಬಿಡ್ತೀನಿ," ಎಂದಳು ಒಮ್ಮೆ.

"ಹೇಗೆ ನೋಡ್ಕೊಳ್ತೀಯ? ನೀನೇ ಊರುಗೋಲಿನ ಮೇಲಿದ್ದೀಯ," ಎಂದೆ.

"ಗೊತ್ತು. ಸುಮ್ಮನೆ ಹೇಳ್ದೆ. ಹೇಳೋಕಾದ್ರೂ ಬಿಡು."

ಶರತ್ಕಾಲದ ಹೊತ್ತಿಗೆ ಕೋಟು ಗೂಟಕ್ಕೆ ಹೋಯಿತು. ಅಲ್ಲಿ ಲಿಸ್ಬೆತ್ ಅಂತ ಒಬ್ಬಳಿದ್ದಳು, ಹೋಕನ್‌ನ ವಯಸ್ಸಿನವಳೇ, ಗಿಡ್ಡನೆಯವಳು, ಎಲ್ಲರ ಮೇಲೂ ಅಧಿಕಾರ ನಡೆಸುವವಳು. ಅವಳು ಅವನ ಕೈಹಿಡಿದು ಎಳೆದುಕೊಂಡು ಹೋಗಿ ಆಲೂಗಡ್ಡೆ ತೊಳೆಯಲು ಹಚ್ಚಿದಳು. ಬುಧವಾರದ ಅಡುಗೆ ಅವರಿಬ್ಬರದು ಎಂದಾಯಿತು. ಒಂದು ಭಾನುವಾರ ನಾವು ಹೋದಾಗ ಅವನು ಬಾಗಿಲಲ್ಲಿ ಇರಲೇ ಇಲ್ಲ. ಹಿತ್ತಲಲ್ಲಿ ಲಿಸ್ಬೆತ್‌ಳ ಜೊತೆ ಎಲೆ ಗುಡಿಸುತ್ತಿದ್ದ. ಅಮ್ಮನನ್ನು ನೋಡಿ ಕೈ ಬೀಸಿ, ಗುಡಿಸುವುದನ್ನು ಮುಂದುವರಿಸಿದ. ಪಕ್ಕದ ಮನೆಯ ಮುದುಕನೊಬ್ಬ ಬೇಲಿಯಾಚೆಯಿಂದ ಅವನ ಜೊತೆ ಏನೋ ಮಾತಾಡುತ್ತಿದ್ದ. "ಇಲ್ಲಿಯವರು ಬೇಡ ಅನ್ನಲಿಲ್ವಾ?" ಎಂದು ವಿಯೋಲಾ ಕೇಳಿದಳು. "ಅಂದ್ರು," ಎಂದಳು ನೋಡಿಕೊಳ್ಳುವವಳು. "ಆದ್ರೆ ಅದು ಹಳೇ ಕತೆ. ಈಗ ಯಾರನ್ನ ಕೇಳಿದ್ರೂ ನಾನು ಹೇಳಿರಲಿಲ್ಲ ಅಂತಾರೆ."

ಇತ್ತ ನಮ್ಮ ಬೀದಿಯಲ್ಲಿ ರಾಗ್ನರ್ ತನ್ನ ಹೆಸರನ್ನು ಅರ್ಜಿಯಿಂದ ತೆಗೆಸಿದ. ಅದನ್ನು ಹೇಳಲು ವಿಯೋಲಾಳ ಮನೆಗೆ ಬಂದಾಗ ಟೋಪಿ ಕೈಯಲ್ಲಿತ್ತು.

"ನಾನು ಹಿಂದೆ ಸರಿದೆ. ಉಳಿದವರಿಗೆ ಹೇಳಿ ನೋಡಿದೆ, ಕೇಳಲಿಲ್ಲ. ಶುರು ಮಾಡಿದ್ದು ನಾನೇ, ಈಗ ನಿಲ್ಲಿಸೋಕೆ ನನ್ನ ಕೈಲಿ ಆಗ್ತಿಲ್ಲ."

"ಆಯ್ತು," ಎಂದಳು ವಿಯೋಲಾ.

ಅವನು ಇನ್ನೂ ನಿಂತೇ ಇದ್ದ. ಬೈಯಲಿ ಎಂದು ಕಾಯುತ್ತಿದ್ದನೋ, ಕ್ಷಮಿಸಲಿ ಎಂದೋ. ಅವಳು ಎರಡನ್ನೂ ಮಾಡಲಿಲ್ಲ. "ಆ ಮೇಲಿನ ಕಪಾಟಿನಿಂದ ಸಕ್ಕರೆ ಡಬ್ಬಿ ತೆಕ್ಕೊಡ್ತೀಯಾ, ನನಗೆ ಎಟುಕಲ್ಲ," ಎಂದಳು. ತೆಗೆದುಕೊಟ್ಟ, ಹೋದ.

ಸಾನ್ನಾಳೂ ಬಂದಿದ್ದಳು, ತುಂಬ ದಿನ ಆದಮೇಲೆ. ಅವಳು ಹಿಂದೆ ಸರಿದಿರಲಿಲ್ಲ. ಹೋಕನ್ ಹೇಗಿದ್ದಾನೆ ಎಂದು ಕೇಳಿದಳು, ಬೇಲಿಯ ಹತ್ತಿರ ಅವನಿಲ್ಲದೆ ಮಕ್ಕಳಿಗೆ ಬೇಜಾರು ಎಂದಳು. ಅದು ನಿಜವೂ ಆಗಿತ್ತು. ವಿಯೋಲಾ "ಹೇಳ್ತೀನಿ ಅವನಿಗೆ" ಎಂದಳು.

ಕೊನೆಗೊಂದು ದಿನ ಮೇಲಿನ ಕೋರ್ಟು ಎಲ್ಲವನ್ನೂ ವಜಾ ಮಾಡಿತು. ಬರ್ಚ್ ಮರಗಳನ್ನು ಕಡಿದರು. ಗುಂಪುಮನೆ ಎದ್ದಿತು, ಕೆಂಪು ಬಣ್ಣ, ಬಿಳಿ ಕಿಟಕಿಗಳು, ಬೇರೆ ಮನೆಗಳಿಗಿಂತ ಎತ್ತರವೂ ಇಲ್ಲ. ಪುರಸಭೆಯವರು ಫೋನು ಮಾಡಿ, ಹೋಕನ್‌ಗೆ ಈಗಲೂ ಒಂದು ಕೋಣೆ ಇದೆ, ಬರುತ್ತಾನೆಯೇ ಎಂದರು.

ನಾವು ಸರೋವರದ ಆಚೆಗೆ ಹೋದೆವು. ಹೋಕನ್‌ನ ಕೋಣೆಯಲ್ಲಿ ಅವನ ಮಂಚದ ಮೇಲೆ ಕೂತು ವಿಯೋಲಾ ನಿಧಾನವಾಗಿ ಹೇಳಿದಳು: ಅಮ್ಮನ ಬೀದಿ, ಹೊಸ ಮನೆ, ಬೇಲಿ, ರಾಗ್ನರ್, ಇರ್ಮಾ. ಅವನು ಎಲ್ಲ ಕೇಳಿದ. ರಾಗ್ನರ್ ಎಂದಾಗ ನಕ್ಕ.

"ಮನೆಗೆ ಬರ್ತೀಯಾ, ಕಂದ?"

ಅವನು ಎದ್ದು ಅವಳ ಕೈಹಿಡಿದು ಬಾಗಿಲ ಹೊರಗೆ ಕರೆದೊಯ್ದ. ಬಾಗಿಲ ಮೇಲೆ ಅವನ ಹೆಸರಿತ್ತು, ಮರದ ಅಕ್ಷರಗಳಲ್ಲಿ. ಒಂದೊಂದು ಅಕ್ಷರವನ್ನೂ ಬೆರಳಿನಿಂದ ಮುಟ್ಟಿದ. ಆಮೇಲೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡ. ಅವಳು ಹೊರಗೆ. ನಾವಿಬ್ಬರೂ ಕಾದೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು, ನಗುತ್ತಾ, ಬಾ ಎಂದು ಅವಳನ್ನು ಒಳಗೆ ಕರೆದ. ಅತಿಥಿಯನ್ನು ಕರೆದ ಹಾಗೆ.

ಬರುವಾಗ ಕಾರಿನಲ್ಲಿ ವಿಯೋಲಾ ಹೇಳಿದಳು: "ಬೇಡ ಅಂತ ಹೇಳಿಬಿಡ್ತೀನಿ. ಅವನನ್ನ ಮತ್ತೊಂದು ಸಲ ಕಿತ್ತು ನೆಡೋಕೆ ನನ್ನ ಕೈಲಿ ಆಗಲ್ಲ." ಸ್ವಲ್ಪ ದೂರ ಹೋದಮೇಲೆ, "ನಮ್ಮ ಬೀದೀಲಿ ಒಂದು ಕಿಟಕಿ ಸಿಕ್ಕಿದ್ರೆ ಸಾಕಾಗಿತ್ತು ಕಣೇ," ಎಂದಳು. ನಾನು ರಸ್ತೆ ನೋಡಿಕೊಂಡು ಓಡಿಸಿದೆ.

ಹೊಸ ಮನೆಗೆ ಬೇರೆಯವರು ಬಂದರು. ತೆರೆದ ದಿನ ಬೀದಿಯವರೆಲ್ಲ ಕೇಕು ತಂದರು. ಸಾನ್ನಾಳ ಮಕ್ಕಳು ಬಣ್ಣದ ಕಾಗದ ಕಟ್ಟಿದರು. ಕೊನೆಯವರೆಗೂ ಕೋರ್ಟಿನಲ್ಲಿ ಪಟ್ಟು ಹಿಡಿದಿದ್ದವನೊಬ್ಬ "ನಮ್ಮ ಬಡಾವಣೆಯ ಹೆಮ್ಮೆ" ಎಂದು ಎರಡು ಮಾತಾಡಿದ. ರಾಗ್ನರ್ ಹಿಂದಿನ ಸಾಲಿನಲ್ಲಿ ನಿಂತು ನೆಲ ನೋಡುತ್ತಿದ್ದ. ವಿಯೋಲಾ ಹೋಗಿರಲಿಲ್ಲ. ಆ ಹೊತ್ತಿಗೆ ಅವಳು ಮನೆ ಮಾರಿ, ಹೋಕನ್ ಇರುವ ಊರಿನಲ್ಲಿ ಎರಡು ಕೋಣೆಯ ಫ್ಲಾಟು ಹಿಡಿದಿದ್ದಳು. ಸಾಮಾನು ಸಾಗಿಸಿದ್ದು ರಾಗ್ನರ್. ಎಪ್ಪತ್ತೈದು ದಾಟಿದವಳು, ಯಾರೂ ಗೊತ್ತಿಲ್ಲದ ಊರಿಗೆ ಹೋದಳು. ಗೊತ್ತಿದ್ದವರ ನಡುವೆ ಇದ್ದು ಸಾಕಾಗಿತ್ತೋ ಏನೋ. ಹಾಗೆಂದು ಅವಳು ಹೇಳಲಿಲ್ಲ, ನಾನು ಅಂದುಕೊಂಡದ್ದು.

ಈ ವಸಂತದಲ್ಲಿ ನೋಡಲು ಹೋಗಿದ್ದೆ. ಬಾಲ್ಕನಿಯಲ್ಲಿ ಕೂತೆವು. ಅವಳು ಇನ್ನಷ್ಟು ಸಣ್ಣಗಾಗಿದ್ದಾಳೆ, ಆದರೆ ಕಣ್ಣ ಕೆಳಗಿನ ಕಪ್ಪು ಕಡಿಮೆಯಾಗಿದೆ. ಹೋಕನ್ ಮಧ್ಯಾಹ್ನದ ಕಾಫಿಗೆ ಬರುವವನಿದ್ದ, ಮೂರು ತಟ್ಟೆ ಇಟ್ಟಿದ್ದಳು. ಮಾತಿನ ನಡುವೆ ಒಂದು ವಿಷಯ ಹೇಳಿದಳು.

ಹಿಂದಿನ ವಾರ ಕೆಳಗಿನ ಮನೆಯ ಹೆಂಗಸು ಬಂದಿದ್ದಳಂತೆ, ಕೈಯಲ್ಲಿ ಸಹಿ ಹಾಕಿಸುವ ಕಾಗದ. ಬೀದಿಯ ಮೂಲೆಯ ಹಳೇ ಹೋಟೆಲನ್ನು ಮಾದಕ ವ್ಯಸನ ಬಿಟ್ಟ ಹುಡುಗರ ಗುಂಪುಮನೆ ಮಾಡುತ್ತಾರಂತೆ.

"ನೀನು ಏನಂದೆ?" ಎಂದು ಕೇಳಿದೆ.

ವಿಯೋಲಾ ತಟ್ಟೆಯ ಅಂಚನ್ನು ಉಜ್ಜಿದಳು. "ಪೆನ್ನು ತಗೊಂಡೆ ಕಣೇ."

ನಾನು ಕಪ್ಪು ಕೆಳಗಿಟ್ಟೆ.

"ಹೋಕನ್ ದಿನಾ ಆ ಮೂಲೆ ದಾಟಿ ಬರೋದು. ಯಾರು ಏನು ಕೊಟ್ರೂ ಬಾಯಿಗೆ ಹಾಕ್ಕೊಳ್ತಾನೆ. ಯಾರು ಕರೆದ್ರೂ ಹೋಗ್ತಾನೆ. ಆ ಹೆಂಗಸು ಹೇಳ್ತಾ ಇದ್ರೆ ನನಗೆ ಭಯ ಆಗಿಬಿಡ್ತು. ಸಾನ್ನಾ ಅವತ್ತು ಮಗೂನ ಕಟ್ಕೊಂಡು ನಿಂತಿದ್ಲಲ್ಲ, ಅವಳಿಗೂ ಹೀಗೇ ಆಗಿರಬೇಕು ಅನ್ನಿಸ್ತು."

"ಹಾಕಿದ್ಯಾ ಸಹಿ?"

"ಇಲ್ಲ. ಕೈ ನೋವು, ಬರೆಯೋಕೆ ಆಗಲ್ಲ ಅಂದೆ. ಸುಳ್ಳು. ಬೇಡ ಅಂತ ನೇರವಾಗಿ ಹೇಳಿದ್ರೆ ಯಾಕೆ ಅಂತ ಕೇಳ್ತಿದ್ಲು, ಎಲ್ಲ ಮೊದಲಿನಿಂದ ಹೇಳಬೇಕಾಗ್ತಿತ್ತು." ಉಸಿರು ಬಿಟ್ಟಳು. "ಹೇಳಬೇಕಿತ್ತು, ಅಲ್ವಾ?"

"ಹೇಳಬೇಕಿತ್ತೇನೋ," ಎಂದೆ. "ಮುಂದಿನ ವಾರ ಮತ್ತೆ ಬರ್ತಾಳೆ ಬಿಡು, ಅಂಥವರು ಸುಮ್ಮನೆ ಇರಲ್ಲ."

"ಬಂದ್ರೆ ಕೂರಿಸಿ ಕಾಫಿ ಕೊಡ್ತೀನಿ. ಹೋಕನ್ ಇರೋ ಹೊತ್ತಲ್ಲಿ ಬಂದ್ರೆ ಇನ್ನೂ ಒಳ್ಳೇದು. ನೋಡೋಣ."

ಆಗ ಫೋನು ಬಂತು. ಗುಂಪುಮನೆಯಿಂದ. ಹೋಕನ್ ಇವತ್ತು ಬರುವುದಿಲ್ಲವಂತೆ. ಲಿಸ್ಬೆತ್‌ಳ ಹುಟ್ಟುಹಬ್ಬಕ್ಕೆ ಕೇಕು ಮಾಡುತ್ತಿದ್ದಾನೆ, ಕೈಯೆಲ್ಲ ಹಿಟ್ಟು, ಕರೆದರೂ ಏಳುತ್ತಿಲ್ಲ.

"ಬಲವಂತ ಮಾಡಬೇಡಿ," ಎಂದಳು ವಿಯೋಲಾ. ಫೋನಿಟ್ಟಳು. ಮೊದಲು ಮುಖ ಸಣ್ಣದಾಯಿತು, ಆಮೇಲೆ ಭುಜ ಇಳಿಯಿತು, ಹೊರೆ ಇಳಿಸಿದವರ ಹಾಗೆ.

ಮೂರನೆಯ ತಟ್ಟೆಯ ಬನ್ನನ್ನು ಚಾಕುವಿನಿಂದ ಎರಡು ಮಾಡಿ, ದೊಡ್ಡ ತುಂಡು ನನ್ನ ಕಡೆ ತಳ್ಳಿದಳು.